ಮೊದಲ ಅರ್ಧ ಸೆಕೆಂಡು

ರಾಕೆಟ್ ಎಂಜಿನ್ ಮಾಡ್ತೀನಿ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಎಷ್ಟು ಹೊತ್ತು ಉರಿಯಿತು? ಹತ್ತು ಸೆಕೆಂಡಾ, ನೂರು ಸೆಕೆಂಡಾ? ಆಗೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ. ಸರಿಯಾಗಿ ಹೊತ್ತಿಕೊಂಡು ನಾಲ್ಕೈದು ಸೆಕೆಂಡು ನಿಂತ ಎಂಜಿನ್ ನಲವತ್ತು ಸೆಕೆಂಡೂ ನಿಲ್ಲುತ್ತದೆ, ಹೆಚ್ಚುಕಮ್ಮಿ. ನಮ್ಮ ಹದಿನಾಲ್ಕು ತಿಂಗಳು ತಿಂದು ಹಾಕಿದ್ದು ಮೊದಲ ಅರ್ಧ ಸೆಕೆಂಡು. ಅದರ ಕಥೆ ಇದು.

ನಾವು ಏಳು ಜನ. ಸಣ್ಣ ಉಪಗ್ರಹಗಳನ್ನು ಒಯ್ಯುವ ಸಣ್ಣ ರಾಕೆಟ್ಟಿಗೆ ದ್ರವ ಇಂಧನದ ಎಂಜಿನ್ ಮಾಡಬೇಕಿತ್ತು. ಕೊನೆಗೆ ಬೇಕಾಗಿದ್ದು 25 ಕಿಲೋನ್ಯೂಟನ್, ಅಂದರೆ ಎರಡೂವರೆ ಟನ್ ತೂಕ ಎತ್ತುವಷ್ಟು ನೂಕುಬಲ. ಒಂದೇ ಏಟಿಗೆ ಅಲ್ಲಿಗೆ ಹಾರೋದು ಬೇಡ ಅಂತ ಮೊದಲು 5 ಕಿಲೋನ್ಯೂಟನ್ನಿನ ಒಬ್ಬ ತಮ್ಮನನ್ನು ಮಾಡಿಕೊಂಡೆವು. ಒಂದು ಕಡೆ ಸೀಮೆಎಣ್ಣೆ, ಅದೂ ಚೆನ್ನಾಗಿ ಶುದ್ಧ ಮಾಡಿದ್ದು. ಇನ್ನೊಂದು ಕಡೆ ದ್ರವ ಆಮ್ಲಜನಕ, ನಮ್ಮ ಮಾತಿನಲ್ಲಿ ಲಾಕ್ಸ್. ಎರಡನ್ನೂ ಟ್ಯಾಂಕಿನ ಒತ್ತಡದಿಂದಲೇ ತಳ್ಳುವುದು, ಪಂಪು ಗಿಂಪು ಆಮೇಲೆ ನೋಡೋಣ ಅಂತ.

ಘನ ಇಂಧನ ಯಾಕೆ ಬೇಡ ಅಂತ ಕೇಳಬಹುದು. ಸರಳ, ಗಟ್ಟಿ, ವರ್ಷಗಟ್ಟಲೆ ಇಟ್ಟರೂ ಕೆಡಲ್ಲ. ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯಲ್ಲಿ ಮೊದಲ ಮೂರು ಹಂತವೂ ಘನ ಇಂಧನದ್ದೇ, ಮೇಲೆ ವೇಗ ತಿದ್ದುವುದಕ್ಕೆ ಮಾತ್ರ ಒಂದು ಪುಟ್ಟ ದ್ರವ ಘಟಕ. ಅದೇನು ತಪ್ಪು ದಾರಿಯಲ್ಲ. ಆದರೆ ಘನ ಇಂಧನಕ್ಕೆ ಒಮ್ಮೆ ಬೆಂಕಿ ತಗುಲಿಸಿದರೆ ಮುಗಿಯಿತು, ಆರಿಸುವ ಮಾತಿಲ್ಲ. ನಾಳೆ ಹಾರಬೇಕಾದ ಅದೇ ಎಂಜಿನ್ನನ್ನು ಇವತ್ತು ನೆಲಕ್ಕೆ ಕಟ್ಟಿಹಾಕಿ ಉರಿಸಿ ನೋಡುವ ಅವಕಾಶ ದ್ರವ ಎಂಜಿನ್ನಿಗೆ ಮಾತ್ರ. ನಾವು ಮರುಳಾಗಿದ್ದು ಇದಕ್ಕೇ. ಹಚ್ಚಬಹುದು, ಆರಿಸಬಹುದು. ಆ ಎರಡರಲ್ಲೇ ಎಷ್ಟು ಒದೆ ತಿನ್ನಬೇಕಾಗುತ್ತದೆ ಅನ್ನೋದು ಆಗ ಗೊತ್ತಿರಲಿಲ್ಲ ಅಷ್ಟೆ.

ಕಾಗದದ ಮೇಲಿನ ಎಂಜಿನ್ ಒಂದು ವಾರದಲ್ಲಿ ಮುಗಿಯುತ್ತದೆ. ಉತ್ಪ್ರೇಕ್ಷೆ ಅಲ್ಲ. ಚೇಂಬರಿನ, ಅಂದರೆ ಇಂಧನ ಉರಿಯುವ ಕೋಣೆಯ, ಒತ್ತಡ 20 ಬಾರ್ ಅಂತ ಇಟ್ಟುಕೊಂಡೆವು, ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಇಪ್ಪತ್ತು ಪಟ್ಟು. ಸೆಕೆಂಡಿಗೆ ಒಟ್ಟು 2.2 ಕೆ.ಜಿ. ಹರಿಯಬೇಕು, ಅದರಲ್ಲಿ ಒಂದೂವರೆ ಕೆ.ಜಿ. ಚಿಲ್ಲರೆ ಲಾಕ್ಸ್, ಉಳಿದದ್ದು ಸೀಮೆಎಣ್ಣೆ. ಬಿಸಿ ಅನಿಲ ಹೊರಗೆ ನುಗ್ಗುವ ಬಾಯಿ ನಾಝಲ್, ಅದರ ಕುತ್ತಿಗೆ, ಅಂದರೆ ಥ್ರೋಟ್, 48 ಮಿ.ಮೀ. ಅಗಲ. ಈ ಲೆಕ್ಕಗಳಿಗೆಲ್ಲ ದಶಕಗಳಿಂದ ಪಾಠಪುಸ್ತಕಗಳಿವೆ, ಸುಮ್ನೆ ಕೂತು ಬಿಡಿಸಿದರೆ ಆಯಿತು. ಆ ವಾರದ ಕೊನೆಗೆ ನಮ್ಮ ಮುಖದಲ್ಲಿ ಇದ್ದ ಕಳೆ ನೋಡಬೇಕಿತ್ತು, ಏನೋ ಅರ್ಧ ಕೆಲಸ ಮುಗಿಸಿದವರ ಹಾಗೆ.

ನಮ್ಮಲ್ಲಿ ಒಬ್ಬರು ಹಿರಿಯರಿದ್ದರು. ಜೀವನವೆಲ್ಲ ಎಂಜಿನ್ ಪರೀಕ್ಷೆಯಲ್ಲೇ ಕಳೆದವರು, ಎಲ್ಲರೂ ಸಾರ್ ಅಂತಲೇ ಕರೆಯುತ್ತಿದ್ದದ್ದು. ಅವರು ಆ ಚಿತ್ರಗಳನ್ನೆಲ್ಲ ನೋಡಿ ಒಂದೇ ಮಾತು ಕೇಳಿದರು. "ಇದು ಉರೀತಾ ಇರೋವಾಗಿನ ಲೆಕ್ಕ ಅಲ್ವೇನಪ್ಪಾ? ಹೊತ್ತಿಕೊಳ್ಳೋವಾಗಿನದು ಎಲ್ಲಿ?"

ಇರಲಿಲ್ಲ.

ಲಾಕ್ಸ್, ಸೀಮೆಎಣ್ಣೆ ಎರಡನ್ನೂ ಚೇಂಬರಿನೊಳಗೆ ಚಿಮ್ಮಿಸುವ ಇಂಜೆಕ್ಟರ್ ಕಡೆ ಬರುತ್ತೇನೆ. ನೋಡಲು ಸ್ನಾನದ ಶವರಿನ ತಲೆ ಇದ್ದ ಹಾಗೆ, ತಟ್ಟೆಯ ತುಂಬ ತೂತು. ನಮ್ಮದರಲ್ಲಿ 24 ಜೋಡಿ. ಪ್ರತಿ ಜೋಡಿಯಲ್ಲಿ ಲಾಕ್ಸಿನ ತೂತು 1.9 ಮಿ.ಮೀ., ಸೀಮೆಎಣ್ಣೆಯದು 1.2 ಮಿ.ಮೀ. ಎರಡು ಧಾರೆಗಳೂ ಓರೆಯಾಗಿ ಬಂದು ಒಂದಕ್ಕೊಂದು ಡಿಕ್ಕಿ ಹೊಡೆದು ಪುಡಿಯಾಗಿ ಮಂಜಿನ ಹಾಗೆ ಹರಡಬೇಕು. ಒಳಗೆ ಬಂದದ್ದು ಬೆರೆತು, ಆವಿಯಾಗಿ, ಉರಿದು ಹೊರಗೆ ಹೋಗುವುದಕ್ಕೆ ಚೇಂಬರಿನಲ್ಲಿ ಸಿಗುವ ಸಮಯ ಎರಡು ಮಿಲಿಸೆಕೆಂಡಿನ ಆಸುಪಾಸು. ಕಣ್ಣು ಒಂದು ಸಲ ಮಿಟುಕಿಸುವುದಕ್ಕೆ ಇದರ ಐವತ್ತು ಪಟ್ಟು ಬೇಕು.

ಹಾಗಾಗಿ ಮೊದಲು ನೀರು ಹಾಯಿಸಿ ನೋಡುತ್ತೇವೆ. ಕೋಲ್ಡ್ ಫ್ಲೋ ಅನ್ನುತ್ತಾರೆ. ಎರಡೂ ಕಡೆ ನೀರು, ಬೆಂಕಿ ಇಲ್ಲ, ಭಯ ಇಲ್ಲ, ಮೈಯೆಲ್ಲ ಒದ್ದೆ. 23 ಜೋಡಿ ಚೆಂದವಾಗಿ ಬೀಸಣಿಗೆಯ ಹಾಗೆ ಬಿಚ್ಚಿಕೊಂಡವು. ಒಂದು ಮಾತ್ರ ಓರೆಯಾಗಿ ನೇರ ಗೋಡೆಯ ಕಡೆಗೆ ಚಿಮ್ಮುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಆ ತೂತಿನ ಅಂಚಿನಲ್ಲಿ ಲೋಹದ ಒಂದು ಸಿಬಿರು, ಮರಳಿನ ಕಣದಷ್ಟು ಇರಬಹುದು. ಅದೇನಾದರೂ ಲಾಕ್ಸಿನ ತೂತಾಗಿ, ನಾವು ನೋಡದೆ ಉರಿಸಿದ್ದರೆ, ಆ ಧಾರೆ ಬಡಿಯುವ ಜಾಗದಲ್ಲಿ ಗೋಡೆಯೇ ಹೊತ್ತಿಕೊಂಡು ಉರಿಯುತ್ತಿತ್ತು. ಬಿಸಿ ಲೋಹಕ್ಕೆ ಶುದ್ಧ ಆಮ್ಲಜನಕ ಸಿಕ್ಕರೆ ಅದೂ ಒಂದು ಇಂಧನವೇ. ಸಿಬಿರನ್ನು ಕೈಯಲ್ಲೇ ಕೆರೆದು ತೆಗೆದೆವು, ಹತ್ತು ನಿಮಿಷದ ಕೆಲಸ.

ಚೇಂಬರಿನ ಕಥೆ ಅಷ್ಟು ಅಗ್ಗದಲ್ಲಿ ಮುಗಿಯಲಿಲ್ಲ. ಒಳಗಿನ ಅನಿಲದ ಶಾಖ 3,300 ಡಿಗ್ರಿ ಸೆಲ್ಸಿಯಸ್ ಆಸುಪಾಸು. ತಾಮ್ರ ಕರಗುವುದು 1,085ರಲ್ಲಿ. ಗೋಡೆ ಉಳಿಯುವುದು ಒಂದೇ ಕಾರಣಕ್ಕೆ: ಉರಿಯಬೇಕಾದ ಸೀಮೆಎಣ್ಣೆಯನ್ನೇ ಮೊದಲು ಗೋಡೆಯೊಳಗಿನ ಸಣ್ಣ ಸಣ್ಣ ಕಾಲುವೆಗಳಲ್ಲಿ ಓಡಿಸಿ, ಶಾಖ ಹೀರಿಸಿ, ಆಮೇಲೆ ಇಂಜೆಕ್ಟರಿಗೆ ಕಳಿಸುತ್ತೇವೆ. ಇಲ್ಲಿ ಸಣ್ಣ ಎಂಜಿನ್ನಿನವರಿಗೆ ಒಂದು ಅನ್ಯಾಯ ಇದೆ. ಎಂಜಿನ್ ಅರ್ಧ ಆದರೆ ತಂಪು ಮಾಡಲು ಸಿಗುವ ಸೀಮೆಎಣ್ಣೆಯೂ ಅರ್ಧ ಆಗುತ್ತದೆ. ಆದರೆ ತಂಪು ಮಾಡಬೇಕಾದ ಗೋಡೆ ಅರ್ಧ ಆಗಲ್ಲ, ಅದಕ್ಕಿಂತ ಜಾಸ್ತಿಯೇ ಉಳಿಯುತ್ತದೆ. ಇನ್ನೊಂದು ಕಡೆ, ಗೋಡೆ 300 ಡಿಗ್ರಿ ಹತ್ತಿರ ಹೋದರೆ ಸೀಮೆಎಣ್ಣೆ ಕಾಲುವೆಯೊಳಗೇ ಸೀದು ಕರಿ ಕಟ್ಟಲು ಶುರು. ಕರಿ ಕಟ್ಟಿದ ಜಾಗದಲ್ಲಿ ಶಾಖ ದಾಟಲ್ಲ, ಗೋಡೆ ಇನ್ನೂ ಕಾಯುತ್ತದೆ, ಇನ್ನೂ ಕರಿ ಕಟ್ಟುತ್ತದೆ. ಅದಕ್ಕೇ ಸೀಮೆಎಣ್ಣೆಯಲ್ಲಿ ನೂರಕ್ಕೆ ಹದಿನೈದು ಪಾಲನ್ನು ಚೇಂಬರಿನ ಅಂಚಿನಿಂದ ಗೋಡೆಗೆ ಹೊಂದಿ ಸುರಿಯುತ್ತೇವೆ, ಒಂದು ತೆಳು ಪರದೆಯ ಹಾಗೆ. ಆ ಪಾಲು ಸರಿಯಾಗಿ ಉರಿಯಲ್ಲ, ದಂಡ. ಕಟ್ಟಲೇಬೇಕಾದ ದಂಡ.

ಈ ಕಾಲುವೆಗಳಿರುವ ಚೇಂಬರನ್ನು ಈಗ ಲೋಹದ ಪುಡಿಯಿಂದ ಪದರ ಪದರವಾಗಿ ಮುದ್ರಿಸುತ್ತಾರೆ, 3ಡಿ ಪ್ರಿಂಟಿಂಗ್. 2024ರ ಮೇ 30ರಂದು ಶ್ರೀಹರಿಕೋಟದಿಂದ ಹಾರಿದ, ಅಗ್ನಿಕುಲ್ ಕಂಪನಿಯ ಅಗ್ನಿಬಾಣ ರಾಕೆಟ್ಟಿನ ಎಂಜಿನ್ ಹೀಗೆ ಒಂದೇ ತುಂಡಾಗಿ ಮುದ್ರಿಸಿದ್ದು. ನಾವೂ ತಾಮ್ರದ ಮಿಶ್ರಲೋಹದಲ್ಲಿ ಮುದ್ರಿಸಿಕೊಂಡೆವು. ಬಂತು, ನೋಡಲು ಒಡವೆ ಇದ್ದ ಹಾಗಿತ್ತು. ಮುದ್ರಣ ಮುಗಿದಾಗ ಆ ಕಾಲುವೆಗಳ ತುಂಬ ಉಳಿದ ಪುಡಿ ತುಂಬಿರುತ್ತದೆ. ಅದನ್ನು ಅಲುಗಾಡಿಸಿ, ಊದಿ, ಪೂರ್ತಿ ತೆಗೆದ ಮೇಲೆಯೇ ಕುಲುಮೆಗೆ ಹಾಕಬೇಕು. ನಾವು ಅವಸರದಲ್ಲಿ, ತೆಗೆದಿದ್ದೇವೆ ಅಂತಲೇ ನಂಬಿ, ಕುಲುಮೆಗೆ ಕಳಿಸಿಬಿಟ್ಟೆವು. ವಾಪಸ್ಸು ಬಂದ ಮೇಲೆ ತೂಕ ಹಾಕಿದರೆ ಲೆಕ್ಕಕ್ಕಿಂತ 38 ಗ್ರಾಂ ಜಾಸ್ತಿ. ಮೂವತ್ತೆಂಟು ಗ್ರಾಂ ಏನು ಮಹಾ ಅಂದುಕೊಂಡೆ ನಾನು. ನೀರು ಬಿಟ್ಟು ನೋಡಿದರೆ 60 ಕಾಲುವೆಗಳಲ್ಲಿ 11ರಿಂದ ಒಂದು ತೊಟ್ಟೂ ಬರಲಿಲ್ಲ. ಪುಡಿ ಒಳಗೇ ಬೆಂದು ಕಲ್ಲಾಗಿತ್ತು. ಅದನ್ನು ತೆಗೆಯುವ ದಾರಿ ಇಲ್ಲ. ಈಗ ಆ ಚೇಂಬರ್ ನಮ್ಮ ಬಾಗಿಲು ಬಡಿದುಕೊಳ್ಳದ ಹಾಗೆ ತಡೆಯುತ್ತದೆ. ಅಂದಿನಿಂದ ನಿಯಮ: ಕುಲುಮೆಗೆ ಹೋಗುವ ಮುಂಚೆ ತಕ್ಕಡಿ, ತಕ್ಕಡಿ ಆದಮೇಲೆ ಸಿಟಿ ಸ್ಕ್ಯಾನ್.

ಹೊಸ ಚೇಂಬರ್ ಬರುವವರೆಗೆ ಸುಮ್ಮನೆ ಕೂರೋದು ಯಾಕೆ ಅಂತ ಒಂದು ದಪ್ಪ ಗೋಡೆಯ ಚೇಂಬರನ್ನು ಕಡೆದುಕೊಂಡೆವು. ಕಾಲುವೆ ಇಲ್ಲ, ಏನಿಲ್ಲ, ಬರೀ ತಾಮ್ರದ ಗಟ್ಟಿ. ಎರಡು ಸೆಕೆಂಡು ಉರಿಸಿದರೆ ಶಾಖವನ್ನೆಲ್ಲ ತಾನೇ ನುಂಗಿಕೊಳ್ಳುತ್ತದೆ, ಅದಕ್ಕಿಂತ ಜಾಸ್ತಿ ಉರಿಸಬಾರದು. ಗುಂಡುಕಲ್ಲು ಅಂತಲೇ ಅದರ ಹೆಸರು. ಹೊತ್ತಿಸುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಗುರು ಇಲ್ಲ.

ಇನ್ನು ಕಿಡಿ. ಅಮೆರಿಕದ ವಿಜ್ಞಾನಿ ಗೊಡ್ಡಾರ್ಡ್ 1926ರ ಮಾರ್ಚ್ 16ರಂದು ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ ಹಾರಿಸಿದಾಗ ಅವರ ಸಹಾಯಕ ಉದ್ದನೆಯ ಕೋಲಿಗೆ ಬ್ಲೋ ಟಾರ್ಚ್ ಕಟ್ಟಿಕೊಂಡು ಹೊತ್ತಿಸಿದ್ದ. ಎರಡೂವರೆ ಸೆಕೆಂಡು ಹಾರಿತು. ನಾವು ಅಷ್ಟು ಧೈರ್ಯಸ್ಥರಲ್ಲ. ದೊಡ್ಡ ಎಂಜಿನ್ನುಗಳಲ್ಲಿ ಗಾಳಿ ತಗುಲಿದರೆ ತಾನೇ ಹೊತ್ತಿಕೊಳ್ಳುವ ಒಂದು ದ್ರವ ಬಳಸುತ್ತಾರೆ, ಹಸಿರು ಮಿಂಚು ಬರುತ್ತದೆ ನೋಡಿ, ಅದೇ. ಅದನ್ನು ತುಂಬಿಸುವ ಕೆಲಸ ಏಳು ಜನರ ಗುಂಪಿಗೆ ಬೇಡ ಅನಿಸಿತು. ನಾವು ಮಾಡಿದ್ದು ಪುಟ್ಟ ಟಾರ್ಚ್: ಆಮ್ಲಜನಕ ಅನಿಲ, ಮೀಥೇನ್, ಒಂದು ಸ್ಪಾರ್ಕ್ ಪ್ಲಗ್. ಹೆಬ್ಬೆರಳಿನಷ್ಟು ಕೊಳವೆಯಿಂದ ಚೇಂಬರಿನೊಳಗೆ ಜ್ವಾಲೆ ಹೊಡೆಯುತ್ತದೆ.

ಟಾರ್ಚ್ ಹೊತ್ತಿದ್ದು ಖಾತ್ರಿ ಆದ ಮೇಲೆಯೇ ಮುಖ್ಯ ವಾಲ್ವುಗಳು ತೆರೆಯಬೇಕು, ಇಲ್ಲದಿದ್ದರೆ ಇಲ್ಲ. ಖಾತ್ರಿಗೆ ಅದರ ಬಾಯಲ್ಲಿ ಶಾಖ ಅಳೆಯುವ ಒಂದು ತಂತಿ, ಥರ್ಮೋಕಪಲ್, ಇಟ್ಟಿದ್ದೆವು. ಅದು ಪ್ರತಿ ಸಲ 900 ಡಿಗ್ರಿ ತೋರಿಸುತ್ತಿತ್ತು. ನಮಗೆ ಖುಷಿ. ಒಂದು ದಿನ ಮೀಥೇನ್ ಸಿಲಿಂಡರಿನ ಕೀಲಿ ಮುಚ್ಚಿದ್ದು ಮರೆತು ಒತ್ತಿದೆವು. ಆಗಲೂ 900 ಡಿಗ್ರಿ. ಬೆಂಕಿಯೇ ಇಲ್ಲದೆ! ಸ್ಪಾರ್ಕಿನ ವಿದ್ಯುತ್ ಗದ್ದಲವೇ ತಂತಿಯೊಳಗೆ ನುಗ್ಗಿ ಶಾಖದ ವೇಷ ಹಾಕಿಕೊಂಡಿತ್ತು. ಅಂದರೆ ಅಷ್ಟು ದಿನ ನಮ್ಮ ಕಾವಲುಗಾರ ಕಣ್ಣುಮುಚ್ಚಿಕೊಂಡು ಹೂಂ ಅನ್ನುತ್ತಿದ್ದ. ತಂತಿಗಳಿಗೆಲ್ಲ ಶೀಲ್ಡ್ ಹಾಕಿ, ಅರ್ಥಿಂಗ್ ಒಂದೇ ಕಡೆ ಮಾಡಿ, ಸ್ಪಾರ್ಕ್ ನಿಲ್ಲಿಸಿದ ಮೇಲೆ ಟಾರ್ಚಿನೊಳಗಿನ ಒತ್ತಡ ನೋಡಿ ಒಪ್ಪುವ ಹಾಗೆ ಬದಲಾಯಿಸಿದೆವು. ಆ ಕೀಲಿ ಮರೆತವನಿಗೆ ಇವತ್ತಿಗೂ ನಾವು ಋಣಿ. ಅದು ನಾನೇ ಆದ್ದರಿಂದ ಜಾಸ್ತಿ ಹೇಳಲ್ಲ.

ಶುಚಿತ್ವದ ಬಗ್ಗೆ ಎರಡು ಮಾತು. ಲಾಕ್ಸ್ ಮುಟ್ಟುವ ಯಾವ ಭಾಗದಲ್ಲೂ ಎಣ್ಣೆ ಜಿಡ್ಡು ಇರಬಾರದು. ಬೆರಳಿನ ಗುರುತೂ ಇರಬಾರದು. ಜಿಡ್ಡಿಗೆ ಲಾಕ್ಸ್ ಸೇರಿ ಒಂದು ಏಟು ಬಿದ್ದರೆ ಸಾಕು, ಸಿಡಿಯುತ್ತದೆ. ತೊಳೆದು, ಒಣಗಿಸಿ, ನೇರಳಾತೀತ ದೀಪದಲ್ಲಿ ನೋಡಿ, ಚೀಲಕ್ಕೆ ಹಾಕಿ ಮೊಹರು ಮಾಡುತ್ತಿದ್ದೆವು. ವಾಲ್ವುಗಳ ಜವಾಬ್ದಾರಿ ಇದ್ದ ಹುಡುಗಿ ಈ ವಿಷಯದಲ್ಲಿ ಮಡಿ ಹೆಂಗಸಿಗಿಂತ ಕಟ್ಟುನಿಟ್ಟು. ಗ್ಲೌಸ್ ಇಲ್ಲದೆ ಯಾರಾದರೂ ಚೀಲ ಬಿಚ್ಚಿದರೆ ಮಾತೇ ಇಲ್ಲ, ಇಡೀ ಜೋಡಣೆ ವಾಪಸ್ಸು ತೊಳೆಯುವುದಕ್ಕೆ. ಆಗ ಬೈದುಕೊಂಡಿದ್ದೇವೆ. ಆದರೆ ಒಮ್ಮೆಯೂ ನಮ್ಮ ಲಾಕ್ಸ್ ಪೈಪಿಗೆ ಬೆಂಕಿ ಬೀಳಲಿಲ್ಲ.

ಈಗ ಆ ದಿನ. ಗುಂಡುಕಲ್ಲು ಸ್ಟ್ಯಾಂಡಿನ ಮೇಲೆ, ನಾವು ಕಾಂಕ್ರೀಟ್ ಗೋಡೆಯ ಹಿಂದೆ. ಅದಕ್ಕೆ ಮುಂಚೆ ಹತ್ತಾರು ಸಲ ಒಣ ಅಭ್ಯಾಸ ಮಾಡಿದ್ದೆವು: ಟಾರ್ಚ್, ಲಾಕ್ಸ್ ವಾಲ್ವ್, 30 ಮಿಲಿಸೆಕೆಂಡು ಬಿಟ್ಟು ಸೀಮೆಎಣ್ಣೆ ವಾಲ್ವ್. ಲಾಕ್ಸ್ ಸ್ವಲ್ಪ ಮುಂದೆ ಇರಬೇಕು, ಸೀಮೆಎಣ್ಣೆ ಬಂದ ಕೂಡಲೇ ಹೊತ್ತಿಕೊಳ್ಳಬೇಕು, ಒಳಗೆ ಏನೂ ಸಂಗ್ರಹ ಆಗಬಾರದು. ಅಭ್ಯಾಸದಲ್ಲಿ ಎಲ್ಲ ಗಡಿಯಾರದ ಹಾಗೆ. ಲಾಕ್ಸ್ ಪೈಪುಗಳನ್ನು ತಣಿಸಿದೆವು. ವಾಲ್ವಿನ ಮೇಲೆ ಬಿಳಿ ಹಿಮ ಕಟ್ಟಿತು, ಸುತ್ತ ಮಂಜು ಹರಿಯಿತು. ಎಣಿಕೆ ಮುಗಿಯಿತು.

ಢಂ ಅಂತು.

ಭುಸ್ ಅಂತ ಶುರುವಾಗಿ ಗರ್ಜನೆಗೆ ಏರಬೇಕಿತ್ತು. ಇದು ಒಂದೇ ಏಟು, ಎದೆಗೆ ಗುದ್ದಿದ ಹಾಗೆ. ಆಮೇಲೆ ಮೌನ. ಕಂಪ್ಯೂಟರ್ ತಾನೇ ಎಲ್ಲ ಮುಚ್ಚಿ ನೈಟ್ರೋಜನ್ ಊದುತ್ತಿತ್ತು. ಅರ್ಧ ಗಂಟೆ ಯಾರೂ ಹತ್ತಿರ ಹೋಗಲಿಲ್ಲ. ಹೋಗಿ ನೋಡಿದರೆ ಟಾರ್ಚಿನ ಕೊಳವೆ ಇಲ್ಲ, ಎಲ್ಲೋ ಹಾರಿಹೋಗಿದೆ. ಇಂಜೆಕ್ಟರಿನ ತಟ್ಟೆ ಬಾಣಲೆಯ ತಳದ ಹಾಗೆ ಹಿಂದಕ್ಕೆ ಉಬ್ಬಿದೆ. 12 ಬೋಲ್ಟುಗಳಲ್ಲಿ 5 ಎಳೆದು ಉದ್ದ ಆಗಿವೆ, ಅಳೆದರೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ. ಗುಂಡುಕಲ್ಲಿಗೆ ಏನೂ ಆಗಿಲ್ಲ. ಕೂತಲ್ಲೇ ಕೂತಿದೆ.

ಒತ್ತಡದ ಗೆರೆ ನೋಡೋಣ ಅಂದರೆ ಸೆನ್ಸರಿನ ಮಿತಿ 60 ಬಾರ್, ಗೆರೆ ಅಲ್ಲಿಗೆ ಹೋಗಿ ಚಪ್ಪಟೆಯಾಗಿದೆ. ಅದೂ ಸೆಕೆಂಡಿಗೆ ನೂರು ಸಲ ಮಾತ್ರ ದಾಖಲಿಸುತ್ತಿದ್ದೆವು, ಅಂದರೆ ಹತ್ತು ಮಿಲಿಸೆಕೆಂಡಿಗೆ ಒಂದು ಚುಕ್ಕೆ. ನಡೆದದ್ದೆಲ್ಲ ಎರಡು ಚುಕ್ಕೆಗಳ ನಡುವೆ ನಡೆದುಹೋಗಿತ್ತು. ನಮ್ಮನ್ನು ಉಳಿಸಿದ್ದು ಕ್ಯಾಮರಾ. ಸೆಕೆಂಡಿಗೆ ಸಾವಿರ ಚಿತ್ರ ತೆಗೆಯುವುದು. ಒಂದೊಂದೇ ಚಿತ್ರ ಮುಂದೆ ತಳ್ಳುತ್ತಾ ಕೂತೆವು. ಟಾರ್ಚಿನ ನೀಲಿ ಬೆಳಕು ನಾಝಲ್ಲಿನೊಳಗೆ ಕಾಣುತ್ತದೆ. ಆಮೇಲೆ ಅದು ಮಂಕಾಗುತ್ತದೆ. ಆಮೇಲೆ ನಾಝಲ್ಲಿನ ಕೆಳತುಟಿಯಿಂದ ಏನೋ ತೊಟ್ಟಿಕ್ಕುತ್ತದೆ, ಹಿಂದೆಯೇ ಬೂದು ಮಂಜು. ನಲವತ್ತೈವತ್ತು ಚಿತ್ರ ಬರೀ ಅದೇ. ಅದರ ಮುಂದಿನದು ಪೂರ್ತಿ ಬಿಳಿ.

ಆ ತೊಟ್ಟಿಕ್ಕುತ್ತಿದ್ದದ್ದನ್ನು ಮೊದಲು ಗುರುತಿಸಿದವಳು ವಾಲ್ವಿನ ಹುಡುಗಿ. "ಸಾರ್, ಅದು ಸೀಮೆಎಣ್ಣೆ. ಲಾಕ್ಸ್ ಇನ್ನೂ ಬಂದೇ ಇಲ್ಲ."

"ಮೊದಲು ತೆರೆದದ್ದು ಲಾಕ್ಸ್ ವಾಲ್ವ್ ಅಲ್ವೇನಮ್ಮಾ?"

"ತೆರೆಯೋದಕ್ಕೆ ಹೇಳಿದ್ದು ಮೊದಲು, ಸಾರ್."

ಇಡೀ ಹದಿನಾಲ್ಕು ತಿಂಗಳಲ್ಲಿ ನಾನು ಕೇಳಿದ ಅತಿ ಮುಖ್ಯ ವಾಕ್ಯ ಅದು. ಕಂಪ್ಯೂಟರ್ ಹೇಳಿದ್ದು ಮೊದಲು. ವಾಲ್ವ್ ತೆರೆದದ್ದು ಯಾವಾಗ? ಅಳೆಯುವುದಕ್ಕೆ ಅದರ ಮೇಲೆ ಏನೂ ಇರಲಿಲ್ಲ. ಮಾರನೇ ವಾರ ಅದೇ ವಾಲ್ವಿಗೆ ದ್ರವ ನೈಟ್ರೋಜನ್ ತುಂಬಿಸಿ ಪರೀಕ್ಷೆ ಮಾಡಿದೆವು. ಬೆಚ್ಚಗಿರುವಾಗ 80 ಮಿಲಿಸೆಕೆಂಡಿನಲ್ಲಿ ತೆರೆಯುತ್ತಿದ್ದ ವಾಲ್ವ್ ಆ ಚಳಿಯಲ್ಲಿ 180 ತೆಗೆದುಕೊಂಡಿತು. ಒಳಗಿನ ಸೀಲುಗಳು ಮುದುಡಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದವು. ನಾವು ಅಭ್ಯಾಸ ಮಾಡಿದ್ದೆಲ್ಲ ಬೆಚ್ಚಗಿನ ವಾಲ್ವಿನ ಮೇಲೆ. ಲಾಕ್ಸ್ ಮುಂದೆ ಇರಬೇಕಾದ 30 ಮಿಲಿಸೆಕೆಂಡು ಹೋಗಿ, ಸೀಮೆಎಣ್ಣೆಯೇ 70 ಮಿಲಿಸೆಕೆಂಡು ಮುಂದೆ ಬಂದಿತ್ತು.

ಎಪ್ಪತ್ತು ಮಿಲಿಸೆಕೆಂಡಿನಲ್ಲಿ ಎಷ್ಟು ಮಹಾ ಬಂದೀತು? ನಾನು ಲೆಕ್ಕ ಹಾಕಿದೆ, ಸುಮಾರು 45 ಗ್ರಾಂ ಬಂತು. ಸಾರ್ ನೋಡಿ ತಲೆ ಅಲ್ಲಾಡಿಸಿದರು. ಉರಿಯುತ್ತಿರುವ ಚೇಂಬರಿನಲ್ಲಿ 20 ಬಾರ್ ಎದುರೊತ್ತಡ ಇರುತ್ತದೆ, ಇಂಜೆಕ್ಟರಿನ ಎರಡು ಕಡೆಯ ವ್ಯತ್ಯಾಸ 4 ಬಾರ್ ಅಷ್ಟೆ. ಖಾಲಿ ಚೇಂಬರಿನಲ್ಲಿ ತಡೆಯುವವರು ಯಾರಿದ್ದಾರೆ? ಇಡೀ 24 ಬಾರ್ ತಳ್ಳುತ್ತದೆ, ಸೀಮೆಎಣ್ಣೆ ಎರಡು ಪಟ್ಟಿಗಿಂತ ಜಾಸ್ತಿ ನುಗ್ಗುತ್ತದೆ. ಅಂದರೆ 100 ಗ್ರಾಮಿನ ಹತ್ತಿರ. ಒಂದು ಸಣ್ಣ ಲೋಟದ ತುಂಬ ಸೀಮೆಎಣ್ಣೆ ಒಳಗೆ ಕೊಚ್ಚೆಯಾಗಿ ನಿಂತು, ಟಾರ್ಚನ್ನೂ ಮುಕ್ಕಾಲು ಆರಿಸಿ, ಆಮೇಲೆ ಲಾಕ್ಸ್ ಬಂದು ಅದರ ಜೊತೆ ಚೆನ್ನಾಗಿ ಬೆರೆತು, ಆಮೇಲೆ ಉಳಿದ ಕಿಡಿ ತಗುಲಿದೆ. ಇದಕ್ಕೆ ಹಾರ್ಡ್ ಸ್ಟಾರ್ಟ್ ಅನ್ನುತ್ತಾರೆ. ಕೇಳಲು ಎಷ್ಟು ಸೌಮ್ಯವಾದ ಹೆಸರು ನೋಡಿ.

ತಿದ್ದುಪಡಿ ಮೂರು ಕಡೆ ಆಯಿತು. ಪ್ರತಿ ವಾಲ್ವಿನ ಮೇಲೂ ಅದು ನಿಜವಾಗಿ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್ ಬಂತು. ದಾಖಲೆ ಸೆಕೆಂಡಿಗೆ ಹತ್ತು ಸಾವಿರಕ್ಕೆ ಏರಿತು. ಇವೆರಡೂ ಹಣ ಕೊಟ್ಟರೆ ಆಗುವ ಕೆಲಸ. ಮೂರನೆಯದು ಸಾರ್ ಹೇಳಿದ್ದು, ಹಳೇ ಕಾಲದ ಬುದ್ಧಿ. 1942ರ ಅಕ್ಟೋಬರಿನಲ್ಲಿ ಮೊದಲ ಸಲ ಸರಿಯಾಗಿ ಹಾರಿದ ಜರ್ಮನಿಯ ವಿ-2 ರಾಕೆಟ್ಟಿನ ಎಂಜಿನ್ 25 ಟನ್ನಿನದು. ಅದನ್ನು ಒಂದೇ ಏಟಿಗೆ ಹಚ್ಚುತ್ತಿರಲಿಲ್ಲ. ಪಂಪು ಓಡಿಸುವ ಮುಂಚೆ ಆಲ್ಕೊಹಾಲ್ ಮತ್ತು ಲಾಕ್ಸ್ ಎರಡನ್ನೂ ತಮ್ಮ ಪಾಡಿಗೆ ಇಳಿದುಬರಲು ಬಿಟ್ಟು, ಸಣ್ಣ ಉರಿ ಹಚ್ಚಿ, ಅದು ಸರಿಯಾಗಿದೆ ಅಂತ ಕಣ್ಣಾರೆ ನೋಡಿ, ಆಮೇಲೆ ಪೂರ್ತಿ ಬಿಡುತ್ತಿದ್ದರು. "ಒಲೆ ಹಚ್ಚೋವಾಗ ಮೊದಲೇ ಪೂರ್ತಿ ತಿರುಗಿಸ್ತೀರೇನಪ್ಪಾ ಯಾರಾದ್ರೂ?" ಅಂದರು. ನಮ್ಮ ವಾಲ್ವುಗಳೂ ಎರಡು ಹೆಜ್ಜೆಯಲ್ಲಿ ತೆರೆಯುವ ಹಾಗೆ ಮಾಡಿದೆವು. ಮೊದಲು ಅರ್ಧ ಹರಿವು, ಚೇಂಬರಿನಲ್ಲಿ ಒತ್ತಡ ಹುಟ್ಟಿದ್ದು ಕಂಡರೆ ಮಾತ್ರ ಪೂರ್ತಿ.

ಮುಂದಿನ ಸಲ ಹೊತ್ತಿಕೊಂಡಿತು. ಗುದ್ದಿಲ್ಲ, ಮೆತ್ತಗೆ. ಆದರೆ ಕೆಮ್ಮುತ್ತಿತ್ತು.

ಕೆಮ್ಮು ಅಂತಲೇ ಹೇಳಬೇಕು. ದಡದಡದಡ ಅಂತ ಸ್ಟ್ಯಾಂಡ್ ನಡುಗಿತು. ಗೆರೆ ನೋಡಿದರೆ ಸೆಕೆಂಡಿಗೆ 130 ಸಲ ಒತ್ತಡ ಏರಿ ಇಳಿಯುತ್ತಿದೆ. ಒಂದು ತೊಂದರೆಗೆ ಮಾಡಿದ ಮದ್ದೇ ಇನ್ನೊಂದನ್ನು ತಂದಿತ್ತು. ಹರಿವು ಅರ್ಧ ಮಾಡಿದರೆ ಇಂಜೆಕ್ಟರಿನ ಒತ್ತಡದ ವ್ಯತ್ಯಾಸ ಅರ್ಧ ಆಗಲ್ಲ, ಕಾಲು ಆಗುತ್ತದೆ. 4 ಬಾರ್ ಹೋಗಿ 1 ಬಾರ್. ಆಗ ಚೇಂಬರ್ ಸ್ವಲ್ಪ ಜೋರಾಗಿ ಉರಿದರೂ ಅದರ ಒತ್ತಡ ಇಂಜೆಕ್ಟರನ್ನು ಹಿಂದಕ್ಕೆ ತಳ್ಳುತ್ತದೆ, ಹರಿವು ಕಮ್ಮಿ ಆಗುತ್ತದೆ, ಉರಿ ಇಳಿಯುತ್ತದೆ, ಒತ್ತಡ ಬಿದ್ದು ಮತ್ತೆ ಹರಿವು ನುಗ್ಗುತ್ತದೆ. ಹಗ್ಗಜಗ್ಗಾಟ. ವ್ಯತ್ಯಾಸ ಚೇಂಬರ್ ಒತ್ತಡದ ನೂರಕ್ಕೆ ಇಪ್ಪತ್ತರಷ್ಟಾದರೂ ಇರಲಿ ಅನ್ನುವ ಹಳೇ ನಿಯಮ ಇರುವುದು ಇದಕ್ಕೇ, ನಾವು ಅರ್ಧ ಹರಿವಿನಲ್ಲಿ ಹತ್ತಕ್ಕೆ ಇಳಿದಿದ್ದೆವು. ಸೀಮೆಎಣ್ಣೆಯ ತೂತುಗಳನ್ನು ಒಂದು ಚೂರು ಸಣ್ಣ ಮಾಡಿ, ಟ್ಯಾಂಕಿನ ಒತ್ತಡ ಏರಿಸಿ, ಮೊದಲ ಹೆಜ್ಜೆಯಲ್ಲಿ ಜಾಸ್ತಿ ಹೊತ್ತು ನಿಲ್ಲದೆ 120 ಮಿಲಿಸೆಕೆಂಡಿಗೇ ಮುಂದೆ ಹೋಗುವ ಹಾಗೆ ಮಾಡಿದೆವು. ಕೆಮ್ಮು ಎರಡು ಸಲ ಬಂದು ನಿಂತುಹೋಗುತ್ತದೆ. ಈಗಲೂ ಬರುತ್ತದೆ. ಬಿಟ್ಟಿದ್ದೇವೆ.

ಇದಕ್ಕಿಂತ ಭಯಂಕರ ಕಂಪನ ಇನ್ನೊಂದಿದೆ, ಸೆಕೆಂಡಿಗೆ ಸಾವಿರಾರು ಸಲದ್ದು, ಕಿರುಚುತ್ತದೆ, ಕ್ಷಣದಲ್ಲಿ ಇಂಜೆಕ್ಟರನ್ನು ಕರಗಿಸುತ್ತದೆ. ಚಂದ್ರನಿಗೆ ಹೋದ ಸ್ಯಾಟರ್ನ್ 5ರ ಎಫ್-1 ಎಂಜಿನ್ನಿಗೆ ಬಂದದ್ದು ಅದು. ಅದನ್ನು ಪಳಗಿಸಲು 1960ರ ದಶಕದಲ್ಲಿ ಪೂರ್ಣ ಗಾತ್ರದ ಸುಮಾರು ಎರಡು ಸಾವಿರ ಪರೀಕ್ಷೆ ಮಾಡಿದರು, ಉರಿಯುವ ಚೇಂಬರಿನೊಳಗೆ ಬೇಕಂತಲೇ ಸಣ್ಣ ಬಾಂಬ್ ಸಿಡಿಸಿ, ಕಂಪನ ತಾನಾಗಿ ಅಡಗುತ್ತದಾ ಅಂತ ನೋಡಿದರು. ನಮ್ಮ ಚೇಂಬರ್ ಚಿಕ್ಕದು, ಲೆಕ್ಕದ ಪ್ರಕಾರ ಅದರ ಕಿರುಚಾಟ 6,000 ಹರ್ಟ್ಸ್ ಮೇಲೆ ಬರಬೇಕು, ಅಷ್ಟು ಬೇಗದ ಕಂಪನಕ್ಕೆ ಉರಿ ಜೊತೆಗೂಡುವುದು ಕಷ್ಟ. ಚಿಕ್ಕವರಾಗಿದ್ದಕ್ಕೆ ಸಿಕ್ಕ ಒಂದೇ ಒಂದು ಲಾಭ. ಬಾಂಬ್ ಹಾಕಿ ನೋಡಿಲ್ಲ.

ಹೊಸ ಚೇಂಬರ್ ಬಂತು. ತೂಕ ಸರಿ, ಅರವತ್ತೂ ಕಾಲುವೆಗಳಲ್ಲಿ ನೀರು. ಸ್ಟ್ಯಾಂಡಿಗೆ ಏರಿಸುವ ಹಿಂದಿನ ದಿನ ಸಾರ್ ಮತ್ತೆ ಬಂದು, "ಸಮಯ ಬದಲಾಯಿಸಿದ್ರೇನಪ್ಪಾ?" ಅಂದರು. ಗುಂಡುಕಲ್ಲಿನಲ್ಲಿ ವಾಲ್ವ್ ತೆರೆದರೆ ಸೀಮೆಎಣ್ಣೆ ನೇರ ಇಂಜೆಕ್ಟರಿಗೆ. ಇಲ್ಲಿ ಅದು ಮೊದಲು ಕಾಲುವೆಗಳನ್ನೆಲ್ಲ ತುಂಬಬೇಕು, 150 ಮಿಲಿಲೀಟರ್. ಅಷ್ಟು ಹೊತ್ತು ಲಾಕ್ಸ್ ಒಂದೇ ಚೇಂಬರಿಗೆ ಸುರಿಯುತ್ತಿರುತ್ತದೆ. ಬದಲಾಯಿಸಿರಲಿಲ್ಲ. ಮತ್ತೆ ಹದಿನೈದು ದಿನ, ನೀರು, ದ್ರವ ನೈಟ್ರೋಜನ್, ಸ್ಟಾಪ್‌ವಾಚು.

ಆಮೇಲೆ ಒಂದು ಸಂಜೆ ಹತ್ತು ಸೆಕೆಂಡು ಉರಿಯಿತು. ಬರೆಯುವುದಕ್ಕೆ ಏನೂ ಇಲ್ಲದ ಹತ್ತು ಸೆಕೆಂಡು. ಗೆರೆಗಳೆಲ್ಲ ಸಮತಟ್ಟು. ಜ್ವಾಲೆಯಲ್ಲಿ ವಜ್ರದಾಕಾರದ ಬೆಳಕಿನ ಸಾಲು ಕಂಡಿತು, ಯಾರೋ ಅತ್ತರು. ನಾನು ನೋಡುತ್ತಿದ್ದದ್ದು ಆ ಗೆರೆಯ ಎಡ ತುದಿಯನ್ನು. ಅಲ್ಲಿ ಎರಡು ಸಣ್ಣ ಕೆಮ್ಮು, ಒಂದು ಮೆಟ್ಟಿಲು, ಆಮೇಲೆ ನೆಟ್ಟಗೆ.

ಈಗ ಬಲ ತುದಿಯ ಕೆಲಸ ನಡೆದಿದೆ. ಆರಿಸುವುದು. ಮೊದಲು ಲಾಕ್ಸ್ ಮುಚ್ಚುತ್ತೇವೆ, ಸೀಮೆಎಣ್ಣೆ ಆಮೇಲೆ, ಕೊನೆಗೆ ಬರೀ ಆಮ್ಲಜನಕ ಉಳಿದು ಬಿಸಿ ತಾಮ್ರವನ್ನು ತಿನ್ನಬಾರದು ಅಂತ. ಆದರೆ ವಾಲ್ವ್ ಮುಚ್ಚಿದ ಮೇಲೂ ಕಾಲುವೆಗಳಲ್ಲಿ ಆ 150 ಮಿಲಿಲೀಟರ್ ಇದ್ದೇ ಇರುತ್ತದೆ. ಅದು ನಿಧಾನವಾಗಿ ಒಳಗೆ ಜಿನುಗುತ್ತದೆ, ನಾಝಲ್ಲಿನ ಬಾಯಲ್ಲಿ ಹಳದಿ ಉರಿಯಾಗಿ ಒಂದೆರಡು ಸೆಕೆಂಡು ಓಲಾಡುತ್ತದೆ. ನೆಲದ ಮೇಲೆ ಅದಕ್ಕೆ ಏನೂ ಬಲವಿಲ್ಲ, ನೂಕುಬಲದ ಗೆರೆಯಲ್ಲಿ ಕಾಣುವುದೇ ಇಲ್ಲ. ಆದರೆ 2008ರ ಆಗಸ್ಟಿನಲ್ಲಿ ಸ್ಪೇಸ್ ಎಕ್ಸ್ ಕಂಪನಿಯ ಫಾಲ್ಕನ್ 1 ರಾಕೆಟ್ಟಿನ ಮೂರನೇ ಹಾರಾಟ ಮುಳುಗಿದ್ದು ಇಂಥದ್ದರಿಂದಲೇ. ಎಂಜಿನ್ ಆರಿದ ಮೇಲೂ ಉಳಿದಿದ್ದ ಚೂರು ನೂಕುಬಲ ನಿರ್ವಾತದಲ್ಲಿ ಮೊದಲ ಹಂತವನ್ನು ಮುಂದಕ್ಕೆ ತಳ್ಳಿ, ಆಗಷ್ಟೇ ಬೇರ್ಪಟ್ಟ ಎರಡನೇ ಹಂತಕ್ಕೆ ಡಿಕ್ಕಿ ಹೊಡೆಸಿತು. ಅವರು ಬೇರ್ಪಡಿಸುವ ಮುಂಚಿನ ಸಮಯವನ್ನು ಹೆಚ್ಚಿಸಿದರು, ಮುಂದಿನ ತಿಂಗಳೇ ನಾಲ್ಕನೆಯದು ಕಕ್ಷೆ ಸೇರಿತು.

ನಾವು ಎಷ್ಟು ಸೆಕೆಂಡು ಕಾಯಬೇಕು ಅಂತ ಇನ್ನೂ ಗೊತ್ತಾಗಿಲ್ಲ. ಒಂದು ಬಾರ್ ಒಳಗಿನ ಒತ್ತಡವನ್ನು ಸರಿಯಾಗಿ ಅಳೆಯುವ ಸೆನ್ಸರನ್ನು ಚೇಂಬರಿಗೆ ಹಾಕಬೇಕು, ಅದು 20 ಬಾರಿನಲ್ಲಿ ಒಡೆಯದ ಹಾಗೆ ಮಧ್ಯೆ ಒಂದು ವಾಲ್ವ್ ಇಡಬೇಕು. ವಾಲ್ವಿನ ಹುಡುಗಿ ಅದನ್ನು ಈಗಾಗಲೇ ದ್ರವ ನೈಟ್ರೋಜನ್ನಿನಲ್ಲಿ ಅದ್ದಿ ಇಟ್ಟಿದ್ದಾಳೆ. ಲಾಕ್ಸ್ ಹತ್ತಿರಕ್ಕೂ ಹೋಗದ ವಾಲ್ವ್ ಅದು. ಇರಲಿ ಸಾರ್ ಅಂದಳು, ನಾವು ಯಾರೂ ಬೇಡ ಅನ್ನಲಿಲ್ಲ.